ಮನಿದು ಬ್ಯಾರೆ, ಮಂದಿದು ಬ್ಯಾರೆ

ಅವರ ಹೆಸರು ನನಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ. ಅಲ್ಲಿಯವರೆಗೆ ನನಗೂ ಊರಿಗೂ ಅವರು ದಲಾಲ ಕಾಕಾ. ಕಲಬುರಗಿಯ ಶಹಾಬಜಾರದಲ್ಲೋ ಬ್ರಹ್ಮಪುರದಲ್ಲೋ ಯಾರಾದರೂ ಮನೆ ಮಾರಬೇಕೆಂದರೆ ಅವರಿಗೆ ಹೇಳಿಕಳಿಸುತ್ತಿದ್ದರು. ಕೊಳ್ಳುವವರನ್ನು ಕರೆತಂದು ಮನೆ ತೋರಿಸುವುದು ಅವರ ಕೆಲಸ. ಹೆಸರು ಕೇಳಿದವರಿಗೆ, "ಮನಿ ನೆನಪಿಟ್ಟರ ಸಾಕು, ನನ್ನ ಹೆಸರ್ಯಾಕ" ಎನ್ನುತ್ತಿದ್ದರಂತೆ. ಅವರು ತಾವಾಗಿ ಹೇಳದಿದ್ದುದನ್ನು ನಾನಿಲ್ಲಿ ಬರೆಯುವುದು ಸರಿಯಲ್ಲ. ದಲಾಲ ಕಾಕಾ ಎಂದೇ ಇರಲಿ.

ಉದ್ದನೆಯ ಸಣಕಲು ಆಳು. ಬೂದಿ ಬಣ್ಣದ ಶೇರವಾನಿ. ಅದರ ಮೂರನೆಯ ಗುಂಡಿ ಮಾತ್ರ ಬೇರೆ ಯಾವುದೋ ಕೋಟಿನದು, ಕರಿಯದು, ಬಿಳಿ ದಾರದಲ್ಲಿ ಹೊಲಿದದ್ದು. ಗಂಟು ದಪ್ಪವಾಗಿತ್ತು. ಹೆಂಗಸಿನ ಕೈಯ ಹೊಲಿಗೆ ಅಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ಅವರ ಹೆಂಡತಿ ಇದ್ದದ್ದು ಕಮಲಾಪುರದಲ್ಲಿ. ಇವರು ವಾರವೆಲ್ಲ ಕಲಬುರಗಿಯ ಒಂದು ಮಸೀದಿಯ ಪಕ್ಕದ ಕೋಣೆಯಲ್ಲಿದ್ದು, ಗುರುವಾರ ಯಾರದಾದರೂ ಗಾಡಿ ಹತ್ತಿ ಊರಿಗೆ ಹೋಗುತ್ತಿದ್ದರು. ಬಲಗೈಯ ಹಿಂಬದಿ ಸದಾ ಸುಣ್ಣ ಹತ್ತಿ ಬೆಳ್ಳಗಿರುತ್ತಿತ್ತು. ಗೋಡೆಯನ್ನು ಅವರು ಅಂಗೈಯಿಂದ ಮುಟ್ಟುತ್ತಿರಲಿಲ್ಲ. "ಅಂಗೈಗೆ ಆಸಿ ಭಾಳ, ತಂಗೆವ್ವಾ. ಅಂಗೈ ಬೆನ್ನು ಖರೇ ಹೇಳ್ತದ" ಎಂದು ಒಮ್ಮೆ ಕಾರಣ ಕೊಟ್ಟಿದ್ದರು.

ನನಗಾಗ ಇಪ್ಪತ್ತೆರಡು. ತಂದೆ ರೈಲಿನ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರಿಂದ ನಾನು ಓದಿದ್ದು ಸಿಕಂದರಾಬಾದಿನ ಒಂದು ಕಾನ್ವೆಂಟಿನಲ್ಲಿ. ಅಲ್ಲಿ ಕಲಿತದ್ದು ಸಾವಕಾಶ ಮಾತಾಡುವುದು, ಕ್ರೋಶಾ ಹಾಕುವುದು, ಸುಳ್ಳು ಹೇಳದಿರುವುದು. ಹದಿನೆಂಟಕ್ಕೆ ಮದುವೆಯಾಗಿ ಶಹಾಬಜಾರದ ಬಾಡಿಗೆ ಮನೆಗೆ ಬಂದೆ. ಯಜಮಾನರು ಬಂದೋಬಸ್ತಿ ಖಾತೆಯಲ್ಲಿ ಹೊಲ ಅಳೆಯುವ ಕೆಲಸದಲ್ಲಿದ್ದರು. ಸರಪಳಿ, ಡೇರೆ, ಕಾಗದದ ಸುರುಳಿ ಕಟ್ಟಿಕೊಂಡು ಹೋದರೆ ತಿಂಗಳಿಗೆ ನಾಲ್ಕು ದಿನ ಮನೆ. ಉಳಿದ ದಿನ ನಾನು ಮತ್ತು ಅವರ ಕಡೆಯ ಒಬ್ಬ ಮುದುಕಿ, ಆಯಿ. ಆಯಿಗೆ ಕಿವಿ ಪೂರ್ತಿ ಹೋಗಿತ್ತು. ನಾನು ಮಾತಾಡಿದರೆ ನನ್ನ ತುಟಿ ನೋಡಿ ನಗುತ್ತಿದ್ದಳು, ಅಷ್ಟೆ. ಓಣಿಯ ಹೆಂಗಸರು ಮೊದಮೊದಲು ಬಂದು ಇಣುಕಿ ಹೋದರು. "ಕಿರಿಸ್ತಾನರ ಸಾಲ್ಯಾಗ ಉಂಡಾಕಿ" ಎನ್ನುವ ಮಾತು ಹಬ್ಬಿದ ಮೇಲೆ ಇಣುಕುವುದೂ ನಿಂತಿತು. ಹಾಲು ಉಕ್ಕಿದಾಗ ಅಯ್ಯ ಅಂದದ್ದು, ಅದೊಂದೇ ಆ ದಿನದ ಮಾತು ಎನ್ನುವಂಥ ದಿನಗಳಿದ್ದವು.

ಹೀಗಿರುವಾಗ ಒಂದು ಬೆಳಿಗ್ಗೆ ಬಾಗಿಲಿನಾಚೆ ಯಾರೋ ಮೂರು ಸಲ ಕೆಮ್ಮಿದರು. ಬಾಗಿಲು ಬಡಿಯಲಿಲ್ಲ. ನಾನು ಹತ್ತಿರ ಹೋಗುವ ತನಕ ಕಾದು, ಹೊರಗಿನಿಂದಲೇ ಕೇಳಿದರು: "ಅವ್ವಾರ, ಮಾಲಕರು ಕಳಿಸ್ಯಾರ. ಒಳಗ ಎಷ್ಟು ಖಣ ಅವ ಅಂತ ಕೇಳಬೇಕಾಗಿತ್ತು."

ಈ ಕಡೆ ಎರಡು ತೊಲೆಗಳ ನಡುವಿನ ಜಾಗಕ್ಕೆ ಖಣ ಎನ್ನುತ್ತಾರೆ. ಮನೆಯ ದೊಡ್ಡತನ ಹೇಳುವುದು ಖಣದ ಎಣಿಕೆಯಲ್ಲಿ. ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದ ನನಗೆ ಖಣವೆಂದರೆ ಕುಪ್ಪಸದ ಬಟ್ಟೆಯೊಂದೇ. ಹೈದರಾಬಾದಿನಲ್ಲಿ ಕೂತ ಮಾಲಕರಿಗೆ ನನ್ನ ಕುಪ್ಪಸದ ಚಿಂತೆ ಏಕೆಂದು ತಿಳಿಯಲಿಲ್ಲ. ಸರಕಾರದವರು ಅದರ ಮೇಲೂ ಏನಾದರೂ ಕರಪಟ್ಟಿ ಹಾಕಿರಬಹುದು ಅಂದುಕೊಂಡೆ. ಸುಳ್ಳು ಹೇಳಬಾರದಲ್ಲ, ಮನಸ್ಸಿನಲ್ಲೇ ಎಣಿಸಿ, "ಹನ್ನೆರಡು" ಎಂದೆ.

ಹೊರಗೆ ಎರಡು ಹೆಜ್ಜೆ ಹಿಂದೆ ಸರಿದ ಸಪ್ಪಳವಾಯಿತು.

"ಹನ್ನೆರಡು? ಹೊರಗಿಂದ ಐದು ಕಾಣ್ತಾವ. ಮಾಲಕರು ಏಳು ಅಂತ ಬರದಾರ."

ಹಿತ್ತಲ ಹಗ್ಗದ ಮೇಲೆ ಒಣಹಾಕಿದ್ದನ್ನು ಈ ಮನುಷ್ಯ ಎಣಿಸಿದನೇ ಎಂದು ನನಗೆ ಮೈಯೆಲ್ಲ ಬಿಸಿಯಾಯಿತು. "ಉಳಿದವು ಟ್ರಂಕಿನಾಗ ಅವ. ಅದರಾಗ ಮೂರು ರೇಶಿಮಿವು" ಎಂದೆ.

"ತಂಗೆವ್ವಾ," ಆಚೆಯ ದನಿ ನಗಲಿಲ್ಲ, ಬಹಳ ಗಂಭೀರವಾಗಿತ್ತು. "ಮೂವತ್ತು ವರ್ಷದಿಂದ ಮನಿ ತೋರಸಾಕತ್ತೀನಿ. ರೇಶಿಮಿ ತೊಲಿ ಎಲ್ಲೂ ನೋಡಿಲ್ಲ. ಟ್ರಂಕಿನಾಗ ಇಡೋ ಮನಿನೂ ನೋಡಿಲ್ಲ."

ನಾನು ಬಾಗಿಲ ಹಿಂದೆ ನಿಂತು, ಎಷ್ಟೋ ತಿಂಗಳ ಮೇಲೆ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಅವತ್ತಿನಿಂದ ಅವರು ನನ್ನನ್ನು ಅವ್ವಾರ ಎನ್ನಲಿಲ್ಲ. ತಂಗೆವ್ವ ಎಂದೇ ಕರೆದರು.

ಮಾಲಕರು ಆ ಮನೆಯನ್ನು ಮಾರಲು ತೆಗೆದಿದ್ದರು. ಮನೆಯೊಳಗೆ ನಾವಿದ್ದೆವು. ಹೀಗೆ ಮಂದಿ ಇರುವ ಮನೆಯನ್ನು ತೋರಿಸುವುದರಲ್ಲಿ ದಲಾಲ ಕಾಕಾನದು ಒಂದು ಪದ್ಧತಿಯೇ ಇತ್ತು. ತೋರಿಸುವ ಹಿಂದಿನ ದಿನ ತಾವೊಬ್ಬರೇ ಬಂದು ಹೇಳುತ್ತಿದ್ದರು: "ನಾಳೆ ಹನ್ನೊಂದಕ್ಕ ಮೂರು ಮಂದಿ ಬರ್ತಾರ. ನಿಮಗ ನಡೀತದೇನು? ಇಲ್ಲಂದ್ರ ಇಲ್ಲ ಅನ್ರಿ, ಅವರು ನಾಡದು ಬರ್ತಾರ." ಒಲೆ ಹೊತ್ತಿದ ಹೊತ್ತಿಗೆ ಬರುತ್ತಿರಲಿಲ್ಲ, ಪೂಜೆಯ ಹೊತ್ತಿಗೆ ಬರುತ್ತಿರಲಿಲ್ಲ. ಮೂರು ಮಂದಿ ಎಂದು ಹೇಳಿದ ಮೇಲೆ ನಾಲ್ಕನೆಯವನು ಬಂದರೆ ಅವನು ಬಾಗಿಲಲ್ಲೇ ನಿಲ್ಲಬೇಕು. ಒಳಗೆ ಬಿಡುವಾಗ ತಲೆ ಎಣಿಸುತ್ತಿದ್ದರು, ಹೊರಗೆ ಹೋಗುವಾಗ ಮತ್ತೆ ಎಣಿಸುತ್ತಿದ್ದರು. ದೇವರ ಜಗಲಿಯನ್ನು ದೂರದಿಂದಲೇ ತೋರಿಸಿ, "ಅಲ್ಲಿ ಒಂದು ಖಣ ಅದ, ನನ್ನ ಮಾತಿನ ಮ್ಯಾಲ ನಂಬ್ರಿ" ಎನ್ನುತ್ತಿದ್ದರು.

ಒಂದು ಸಲ ಅಂಗಳದಲ್ಲಿ ಗಂಡಸರು ನಿಂತಿದ್ದಾಗಲೇ ಒಲೆಯ ಮೇಲಿನ ಬೇಳೆ ಸೀದ ವಾಸನೆ ಬಂತು. ನಡುಮನೆಯಲ್ಲಿದ್ದ ನಾನು ಅಂಗಳ ದಾಟದೆ ಅಡುಗೆಮನೆ ಸೇರುವಂತಿರಲಿಲ್ಲ. ಕಾಕಾ ತಮ್ಮ ಛತ್ರಿ ಬಿಚ್ಚಿ ಅಡ್ಡ ಹಿಡಿದರು. ಬಿಸಿಲಿಲ್ಲದ ಅಂಗಳದಲ್ಲಿ ಆ ಕರಿ ಛತ್ರಿಯ ಮರೆಯಲ್ಲಿ ನಾನು ಓಡಿದೆ. ನಾವು ಗೋಷಾದವರಲ್ಲ, ಹೆಂಗಸರು ಮುಖ ಮರೆಸುವ ಪದ್ಧತಿ ನಮ್ಮಲ್ಲಿಲ್ಲ. ಅದನ್ನು ಆಮೇಲೆ ಅವರಿಗೆ ಹೇಳಿದೆ. "ಗೊತ್ತದ," ಎಂದರು, "ಆದ್ರ ಅವರು ಮನಿ ನೋಡಾಕ ಬಂದವರು."

ಇನ್ನೊಮ್ಮೆ ಆಳಂದದ ಕಡೆಯ ಒಬ್ಬಾತ ನನ್ನ ಜೋಳದ ಗಡಿಗೆಯ ಮುಚ್ಚಳ ತೆಗೆದ. ಕಾಕಾ ಅದನ್ನು ಅವನ ಕೈಯಿಂದ ತೆಗೆದುಕೊಂಡು ಮತ್ತೆ ಮುಚ್ಚಿ, "ಗಡಿಗಿ ಮಾರಾಟಕ್ಕಿಲ್ರೀ" ಎಂದರು. ಆತ ಸುಮ್ಮನಾಗದೆ, ಇವರೇನು ಮಕ್ಕಳಿಲ್ಲದವರೇ, ಗಂಡ ಎಲ್ಲಿರುತ್ತಾನೆ ಎಂದು ಶುರು ಮಾಡಿದ. ಆಗ ನಾನು ಮೊದಲ ಸಲ ಆ ಮಾತು ಕೇಳಿದ್ದು: "ಮನಿದು ಬ್ಯಾರೆ, ಮಂದಿದು ಬ್ಯಾರೆ. ಛತ್ತು ಸೋರ್ತದೇನು ಕೇಳ್ರಿ, ಹೇಳ್ತೀನಿ. ಚೇಳು ಅವ ಏನು ಕೇಳ್ರಿ, ಇದ್ರ ಇದ್ದಾವ ಅಂತೀನಿ. ಮಂದಿದು ಕೇಳಬ್ಯಾಡ್ರಿ. ಅದು ನನಗ ಕಂಡಿರ್ತದ. ಹೇಳಂಗಿಲ್ಲ."

ಅವರು ಹೇಳಿದ್ದು ಹಾಗೆಯೇ ನಡೆಸುತ್ತಿದ್ದರು. ಅಡುಗೆಮನೆಯ ಮೂಲೆಯ ತೊಲೆಗೆ ಗೆದ್ದಲು ಹತ್ತಿದ್ದನ್ನು ಕೊಳ್ಳುವವರು ಕೇಳುವ ಮೊದಲೇ ಛತ್ರಿಯ ತುದಿಯಿಂದ ಬಡಿದು ತೋರಿಸುತ್ತಿದ್ದರು. ಬೇಸಿಗೆಯಲ್ಲಿ ಬಾವಿ ಉಪ್ಪಾಗುತ್ತದೆ ಎನ್ನುತ್ತಿದ್ದರು. ಹೀಗೆ ಹೇಳಿದರೆ ಮನೆ ಮಾರುವುದು ಹೇಗೆ ಎಂದು ನನಗೇ ಅನಿಸುತ್ತಿತ್ತು. ಎಷ್ಟು ಬಿಸಿಲಿದ್ದರೂ ನಮ್ಮ ಮನೆಯ ನೀರು ಕುಡಿಯಲಿಲ್ಲ. "ಮಾರಾಟಕ್ಕಿದ್ದ ಮನ್ಯಾಗ ನೀರು ಕುಡಿದ್ರ ನಾಲಗಿ ಅತ್ಲಾಗೋ ಇತ್ಲಾಗೋ ವಾಲ್ತದ ತಂಗೆವ್ವಾ." ಊರಲ್ಲಿ ಯಾವಾಗಲೂ ಹತ್ತೆಂಟು ಮನೆ ಮಾರಾಟಕ್ಕಿರುತ್ತಿದ್ದವು. ಹಾಗಾದರೆ ಇವರು ನೀರು ಕುಡಿಯುವುದಾದರೂ ಎಲ್ಲಿ ಎಂದು ನಾನು ಯೋಚಿಸಿದ್ದುಂಟು.

ಮೊದಲೆರಡು ಸಲ ಪರಕೀಯರು ಮನೆ ಹೊಕ್ಕಾಗ ನನಗೆ ಅಳು ಬಂದಿತ್ತು. ಆಮೇಲೆ ಏನಾಯಿತೆಂದರೆ, ನಾನು ಕಾಯತೊಡಗಿದೆ. ಕೊಳ್ಳುವವರ ಜೊತೆ ಅವರ ಹೆಂಗಸರೂ ಬರುತ್ತಿದ್ದರು. ಅವರು ಅಡುಗೆಮನೆಯಲ್ಲಿ ನಿಂತು ಹೊಗೆ ಎಲ್ಲಿ ಹೋಗುತ್ತದೆ, ನೀರು ಎಲ್ಲಿಂದ ತರುತ್ತೀ ಎಂದು ಕೇಳುತ್ತಿದ್ದರು. ನಾನು ಉತ್ತರ ಕೊಡುತ್ತಿದ್ದೆ. ಅದು ಮಾತುಕತೆಯಾಗಿರುತ್ತಿತ್ತು. ಹತ್ತಿ ವ್ಯಾಪಾರಿಯೊಬ್ಬರ ಮನೆಯಾಕೆ ನನ್ನ ಕೈಯ ಕ್ರೋಶಾ ನೋಡಿ, "ಇದೇನ ಜಾಳಗಿ, ನನಗೂ ಕಲಸ್ತಿಯೇನ?" ಎಂದು ಕೂತೇಬಿಟ್ಟರು. ಅವರ ಗಂಡ ಅಂಗಳದಲ್ಲಿ ಮೂರು ಸಲ ಕರೆಯಬೇಕಾಯಿತು. ಆ ದಿನ ಪೂರ್ತಿ ನನಗೆ ಹಬ್ಬದ ಹಾಗಿತ್ತು.

ಕಾಕಾ ಬಂದು ನಾಳೆ ಎಂದು ಹೇಳಿ ಹೋದರೆ ಸಾಕು, ನಾನು ನೆಲದ ಫರಸಿ ಕಲ್ಲುಗಳನ್ನು ತಿಕ್ಕಿ ಕನ್ನಡಿ ಮಾಡುತ್ತಿದ್ದೆ. ಲಾಂದ್ರದ ಗಾಜು ಬೂದಿಯಲ್ಲಿ ಒರೆಸುತ್ತಿದ್ದೆ. ಹೊಸ್ತಿಲಿಗೆ ರಂಗೋಲಿ, ನಡುಮನೆಯ ಬಾಗಿಲಿಗೆ ಬಿಳಿ ಕ್ರೋಶಾ ಪರದೆ, ಹಿತ್ತಾಳೆ ಬಟ್ಟಲಲ್ಲಿ ಸೇವಂತಿಗೆ. ಆಯಿ ನನ್ನ ಓಡಾಟ ನೋಡಿ, "ಯಾರ ಲಗ್ನ?" ಎಂದು ಗಟ್ಟಿಯಾಗಿ ಕೇಳುತ್ತಿದ್ದಳು.

ಹೀಗೆ ಎರಡು ಮೂರು ತಿಂಗಳಾದ ಮೇಲೆ ಕಾಕಾ ಒಂದು ದಿನ ಸುಮ್ಮನೆ ಬಂದರು. ಹೊಸ್ತಿಲಾಚೆ, ಎಂದಿನಂತೆ ಬೀದಿಯ ಕಡೆ ಮುಖ ಮಾಡಿ ನಿಂತರು.

"ತಂಗೆವ್ವಾ, ನಾ ಮಾಲಕರ ಆಳು. ಈ ಮಾತು ನಾ ಹೇಳಬಾರದು. ಹೇಳಿಲ್ಲ ಅಂತ ತಿಳೀರಿ."

"ಹೇಳ್ರಿ ಕಾಕಾ."

"ಎಲ್ಲಾ ಮನ್ಯಾಗ ಬಾಡಿಗಿಯವರು ನಾ ಬರ್ತೀನಿ ಅಂದ್ರ ಕಸ ಹರವಿ ಇಡ್ತಾರ, ಛತ್ತಿಗೆ ಬೈತಾರ. ಮನಿ ಮಾರಬಾರದು ಅಂತ. ನೀವು ಹೂವು ಇಡಾಕತ್ತೀರಿ. ಹಿಂಗ ಇಟ್ರ ಮನಿ ಮಾರಿ ಹೋಗ್ತದ. ಅದು ನಿಮಗ ತಿಳದದೇನು?"

ನನಗೆ ತಿಳಿದಿರಲಿಲ್ಲ ಎಂದರೆ ಸುಳ್ಳು. ತಿಳಿದೂ ಆ ಕಡೆ ನೋಡಿರಲಿಲ್ಲ. ಮಾಲಕರು ಬದಲಾದರೆ ಬಾಡಿಗೆ ಹೊಸಬರಿಗೆ ಹೋಗುತ್ತದೆ, ಅಷ್ಟೇ ಎಂದು ಅಂದುಕೊಂಡಿದ್ದೆ. ಕೊಳ್ಳುವವರು ತಾವಿರಲು ಕೊಳ್ಳುತ್ತಾರೆ ಎಂದು ಕಾಕಾನೇ ಬಿಡಿಸಿ ಹೇಳಬೇಕಾಯಿತು.

ಅದೇ ವಾರ ಕಮಲಾಪುರದಿಂದ ಅತ್ತೆಯ ಕಾಗದ ಬಂತು, ಯಾರ ಕೈಯಲ್ಲೋ ಬರೆಸಿದ್ದು. ಮನೆ ಮಾರುವ ಸುದ್ದಿ ಅವರಿಗೂ ಹೋಗಿತ್ತು. 'ಬಾಡಿಗೆ ಮನೆ ಬಿಡಿಸಿದರೆ ಇನ್ನೊಂದು ಹುಡುಕುವುದು ಬೇಡ. ಸೊಸೆ ಇಲ್ಲಿಗೆ ಬರಲಿ. ಮಗುವಿಗಾಗಿ ನಾಲ್ಕು ವರ್ಷ ನೋಡಿಯಾಯಿತು. ಮುಂದಿನ ಸಂಬಂಧದ ಮಾತು ಎಲ್ಲರೂ ಕೂತು ಆಡೋಣ' ಎಂದಿತ್ತು. ಮುಂದಿನ ಸಂಬಂಧ ಎಂದರೆ ಯಜಮಾನರಿಗೆ ಇನ್ನೊಂದು ಮದುವೆ. ನಾನು ಶಹಾಬಜಾರದಲ್ಲಿ ಇರುವ ತನಕ ಆ ಮಾತು ಕಾಗದದಲ್ಲಿಯೇ ಇರುತ್ತಿತ್ತು. ಕಮಲಾಪುರದ ಹೊಸ್ತಿಲು ತುಳಿದರೆ ಅದು ಮನೆಯ ಮಾತಾಗುತ್ತಿತ್ತು.

ಪರದೆ ಇಳಿಸಿದೆ. ಬಟ್ಟಲು ಒಳಗಿಟ್ಟೆ. ತಡವಾಗಿತ್ತು. ಹತ್ತಿ ವ್ಯಾಪಾರಿಯ ಮನೆಯಾಕೆ ಎಲ್ಲಿ ಹೋಗಿ ಏನು ಹೇಳಿದರೋ, ಜೋಳದ ಅಡತಿಯ ಸಾವಕಾರರೊಬ್ಬರು ಒಮ್ಮೆ ಬಂದು ನೋಡಿ, ಮತ್ತೊಮ್ಮೆ ಗೋಡೆ ಕಟ್ಟುವ ಗೌಂಡಿಯನ್ನು ಕರೆದುಕೊಂಡು ಬರುತ್ತೇವೆ ಎಂದರು. ಗೌಂಡಿ ಗೋಡೆ ಒಪ್ಪಿದರೆ ವ್ಯವಹಾರ ಮುಗಿದ ಹಾಗೆ.

ಅದನ್ನು ಹೇಳಲು ಕಾಕಾ ಹಿಂದಿನ ದಿನ ಬಂದಾಗ, ಜೀವನದಲ್ಲಿ ಮೊದಲ ಸಲ ಒಬ್ಬರಿಗೆ ಸುಳ್ಳು ಹೇಳಿರೆಂದು ಬೇಡಿಕೊಂಡೆ.

"ನಡುಮನಿ ಗ್ವಾಡಿ ಹಸಿ ಅದ ಅಂತ ಹೇಳ್ರಿ ಕಾಕಾ. ಅಷ್ಟ ಸಾಕು."

"ಅದು ಹಸಿ ಇಲ್ಲಲ್ಲ, ತಂಗೆವ್ವಾ."

"ನಿಮ್ಮ ಮಾತು ಅವರು ನಂಬ್ತಾರ."

"ಅದಕ್ಕ ಹೇಳಂಗಿಲ್ಲ." ಛತ್ರಿಯ ಹಿಡಿಕೆಯನ್ನು ತಿರುಗಿಸುತ್ತಾ ನಿಂತರು. ಹೋಗಲಿಲ್ಲ. ಏನಾಗಿದೆ ಎಂದು ಕೇಳಲೂ ಇಲ್ಲ. ಕೇಳಿದ್ದರೆ ಅತ್ತೆಯ ಕಾಗದ ಓದಿ ತೋರಿಸುತ್ತಿದ್ದೆ. ಅವರು ಕೇಳುವವರಲ್ಲ. ಕಡೆಗೆ, "ಹನ್ನೊಂದಕ್ಕ ಬರ್ತೀವಿ. ನಾಲ್ಕು ಮಂದಿ" ಎಂದು ಹೊರಟರು.

ಮರುದಿನ ಹತ್ತು ಗಂಟೆಗೆ ನಾನು ಬಾವಿಯಿಂದ ಆರು ಕೊಡ ನೀರು ಸೇದಿ ನಡುಮನೆಯ ಗೋಡೆಗೆ ಎರಚಿದೆ. ಮಣ್ಣಿನ ಗೋಡೆ, ಮೇಲೆ ಸುಣ್ಣ. ನೀರು ಕುಡಿದು ಸೊಂಟದೆತ್ತರಕ್ಕೆ ಕಪ್ಪಾಯಿತು. ಮನೆಯೆಲ್ಲ ಹಸಿ ಮಣ್ಣಿನ ವಾಸನೆ. ಆಯಿ ಮಂಚದ ಮೇಲೆ ಕೂತು ನೋಡುತ್ತಿದ್ದವಳು, "ಗ್ವಾಡಿಗೆ ಯಾಕ ಎರೀತೀ? ಬಾಣಂತಿ ಏನದು?" ಎಂದು ಓಣಿಗೆ ಕೇಳುವಂತೆ ಕೂಗಿದಳು. ನಾನು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಆಯಿ ಆ ಕೈಯನ್ನು ಹಿಡಿದು, ಯಾಕೋ, ತನ್ನ ಕೆನ್ನೆಗೆ ಇಟ್ಟುಕೊಂಡಳು.

ಮೂರು ಸಲ ಕೆಮ್ಮು. ನಾನು ನಡುಮನೆಯ ಒಳಕೋಣೆಯ ಬಾಗಿಲ ಹಿಂದೆ ಸರಿದೆ.

ಸಾವಕಾರರು, ಅವರ ತಮ್ಮ, ಗೌಂಡಿ, ಕಾಕಾ. ಗೌಂಡಿ ಕರಣೆ ತೆಗೆಯುವ ಮೊದಲು ಕಾಕಾ ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈಯ ಬೆನ್ನು ಇಟ್ಟರು. ಬಹಳ ಹೊತ್ತು ಇಟ್ಟರು. ಆಮೇಲೆ ಕೆಳಗೆ ನೋಡಿದರು, ಫರಸಿ ಕಲ್ಲಿನ ಸಂದಿನಲ್ಲಿ ನೀರು ನಿಂತಿತ್ತು. ಮೂಲೆಯಲ್ಲಿ ಬೋರಲು ಹಾಕಿದ್ದ ಕೊಡದ ಬಾಯಿಂದ ಇನ್ನೂ ಹನಿ ಇಳಿಯುತ್ತಿತ್ತು. ಕಡೆಗೆ ಬಾಗಿಲ ಸಂದಿನ ಕೆಳಗೆ ನೋಡಿದರು. ಅಲ್ಲಿ ನನ್ನ ಪಾದಗಳು, ಒದ್ದೆ ಸೀರೆಯ ಅಂಚು. ನಾನು ಕಾಲ್ಬೆರಳು ಮಡಚಿಕೊಂಡೆ.

ಅವರು ಎದ್ದು, ಎರಡು ಹೆಜ್ಜೆ ಸರಿದು, ಕೊಡದ ಮುಂದೆ ನಿಂತುಕೊಂಡರು. ಶೇರವಾನಿಯ ಅಂಚು ಕೊಡವನ್ನು ಪೂರ್ತಿ ಮರೆಮಾಡಿತು.

"ಸಾವಕಾರ, ಈ ಗ್ವಾಡಿಗೆ ಇವತ್ತ ನೀರು ಬಿದ್ದದ. ಇವತ್ತಿಂದ ನೀರು. ಗೌಂಡಿ, ಕರಣಿ ಹಾಕು, ಒಂದು ಬೆರಳು ಒಳಗ ನೋಡು."

ಗೌಂಡಿ ಕೆತ್ತಿದ. "ಒಳಗ ಒಣ ಅದ್ರೀ. ಕಲ್ಲಿನಂಗದ."

ಸಾವಕಾರರು ನಕ್ಕರು. "ಯಾರು ಹಾಕಿದ್ರು ನೀರು?"

"ಅದು ಮಂದಿದು."

"ಬಾಡಿಗಿಯವರ ಕಾರಸ್ತಾನ ಅನ್ನು. ಮಾಲಕರಿಗೆ ಬರಿ ದಲಾಲ, ಇಂಥವರನ್ನ ನಾಳೇನೇ ಹೊರಗ ಹಾಕ್ಲಿ."

"ಬರೆಯಂಗಿಲ್ಲ." ಕಾಕಾನ ದನಿ ಏರಲಿಲ್ಲ. "ಮಾಲಕರು ನನಗ ಮನಿ ಒಪ್ಪಸ್ಯಾರ. ಒಳಗಿನವರನ್ನ ಒಪ್ಪಿಸಿಲ್ಲ. ನಿಮಗ ಗ್ವಾಡಿ ಖರೇ ಹೇಳೀನಿ, ಗ್ವಾಡಿ ಚಲೋ ಅದ. ಅದರ ಮ್ಯಾಲ ಕೇಳೋದು ಏನಿದ್ರೂ ನನ್ನ ಮನಿ ಕಟ್ಟಿಗೆ ಬಂದು ಕೇಳ್ರಿ, ಅಲ್ಲೂ ಹೇಳಂಗಿಲ್ಲ. ಮನಿ ಬೇಕಂದ್ರ ತಗೋರಿ. ಸುಗ್ಗಿ ಮುಗಿಯೋ ತನಕ ಒಳಗಿನವರಿಗೆ ಮುದ್ದತು ಕೊಡಬೇಕು. ಬ್ಯಾಡಂದ್ರ ಬಿಡ್ರಿ."

ಸಾವಕಾರರು ತಗೊಂಡರು. ಮುದ್ದತೂ ಕೊಟ್ಟರು.

ಅವರನ್ನೆಲ್ಲ ಓಣಿಯ ತುದಿಗೆ ಕಳಿಸಿ ಕಾಕಾ ಒಬ್ಬರೇ ಹಿಂದಿರುಗಿ ಬಂದರು. ನಾನು ಬಾಗಿಲ ಹಿಂದೆಯೇ ನೆಲಕ್ಕೆ ಕೂತಿದ್ದೆ. ಬಯ್ಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

"ಗ್ವಾಡಿ ಬುಡಕ್ಕ ಕೆಂಡದ ಅಗ್ಗಿಷ್ಟಿಗಿ ಇಡ್ರಿ ತಂಗೆವ್ವಾ. ಇಲ್ಲಂದ್ರ ಸುಣ್ಣ ಉದರ್ತದ" ಎಂದರು.

"ತಪ್ಪಾತು ಕಾಕಾ."

"ಬ್ರಹ್ಮಪುರದಾಗ ಎರಡು ಖಣದ ಮನಿ ಒಂದು ಬಾಡಿಗಿಗದ. ಬಾವಿ ಸಿಹಿ. ನಿಮ್ಮ ಯಜಮಾನ್ರು ಬಂದ ದಿನ ನಾ ಬಂದು ಹೇಳ್ತೀನಿ."

ಯಜಮಾನರು ಬಂದ ದಿನ ಕಾಕಾ ಬಂದು ಹೇಳಿದರು. ನಾನು ಒಳಗಿನಿಂದ ಕೇಳಿಸಿಕೊಂಡೆ. ಅವರು ಅದರ ಬೆಳಕಿಂಡಿ, ಅದರ ಕಟ್ಟೆ, ಪಕ್ಕದಲ್ಲಿರುವ ಗುಡಿ ಎಲ್ಲವನ್ನೂ ಹೇಳಿದರು. ಬಚ್ಚಲು ಸಣ್ಣದೆಂಬುದನ್ನೂ ಹೇಳಿದರು. ಯಜಮಾನರು ಕೆಟ್ಟವರಲ್ಲ. ತಾಯಿಯ ಮಾತು ಮೀರುವವರಲ್ಲ, ಅಷ್ಟೆ. "ಅವ್ವ ಊರಿಗೆ ಬಾ ಅಂದಾಳ, ಹೋಗಬೇಕಾಗ್ತದ" ಎಂದರು. ಕಾಕಾ ಮತ್ತೆ ಒತ್ತಾಯಿಸಲಿಲ್ಲ. ಒತ್ತಾಯಿಸಬೇಕಿತ್ತು ಎಂದು ಎಷ್ಟೋ ವರ್ಷ ನನ್ನ ಮನಸ್ಸಿನಲ್ಲಿ ಅವರ ಮೇಲೆ ಸಿಟ್ಟಿತ್ತು. ನನಗೆ ಏನು ಕಾದಿದೆ ಎಂದು ಆ ಮನುಷ್ಯನಿಗೆ ಗೊತ್ತಿತ್ತು ಎಂದೇ ನನ್ನ ನಂಬಿಕೆ. ಕಮಲಾಪುರ ಸಣ್ಣ ಊರು. ಯಾವ ಮನೆಯಲ್ಲಿ ಯಾವ ಹೆಣ್ಣು ನೋಡುತ್ತಿದ್ದಾರೆ ಎಂದು ಅಲ್ಲಿನ ಬಾವಿಕಟ್ಟೆಗೆ ಮೊದಲು ತಿಳಿಯುತ್ತದೆ. ಅದು ಮಂದಿದಾಗಿತ್ತು, ಅವರು ಬಾಯಿ ಬಿಡಲಿಲ್ಲ.

ಸುಗ್ಗಿ ಮುಗಿಯುತ್ತಲೇ ನಾವು ಬೆಳಗಿನ ಜಾವ ಗಾಡಿ ಕಟ್ಟಿ ಸಂಜೆಗೆ ಕಮಲಾಪುರ ಸೇರಿದೆವು. ಮುಂದಿನ ವರ್ಷ ಎರಡನೆಯವಳು ಬಂದಳು. ಒಳ್ಳೆಯ ಹುಡುಗಿ. ನನ್ನನ್ನು ಅಕ್ಕ ಎನ್ನುತ್ತಾಳೆ, ಅವಳ ಮಕ್ಕಳು ದೊಡ್ಡವ್ವ ಎನ್ನುತ್ತವೆ. ಹತ್ತೊಂಬತ್ತು ಮಂದಿಯ ಮನೆ. ಹಾಲು ಉಕ್ಕಿದರೆ ಅಯ್ಯ ಎನ್ನಲು ನಾಲ್ಕು ಜನ ಇರುತ್ತಾರೆ. ನಾನು ಹಿಂದಿನ ಕೋಣೆಯಲ್ಲಿ ಮಕ್ಕಳ ಟೊಪ್ಪಿಗೆ ಹೆಣೆಯುತ್ತೇನೆ. ಒಬ್ಬಳೇ ಇದ್ದ ಶಹಾಬಜಾರದ ಮಧ್ಯಾಹ್ನಗಳು ಇಷ್ಟು ಉದ್ದವಿರಲಿಲ್ಲ.

ದಲಾಲ ಕಾಕಾನ ಮನೆ ನಮ್ಮ ಮನೆಯಿಂದ ಎರಡೇ ಓಣಿ. ಹನ್ನೊಂದು ವರ್ಷದಲ್ಲಿ ಅವರು ಒಮ್ಮೆಯೂ ನಮ್ಮ ಬಾಗಿಲಿಗೆ ಬರಲಿಲ್ಲ. ಬರಲು ನಮ್ಮ ಮನೆ ಮಾರಾಟಕ್ಕಿರಲಿಲ್ಲವಲ್ಲ. ಒಂದು ಶುಕ್ರವಾರ ಕೆಂಪು ಬಾಳೆಯ ತೋಟದ ದಾರಿಯಲ್ಲಿ ಎದುರಾದರು. ನಾನು ಅತ್ತೆ, ನಾದಿನಿಯರ ಜೊತೆಗಿದ್ದೆ. ಅವರು ನನ್ನನ್ನು ಗುರುತು ಹಿಡಿದರು, ಅದು ನನಗೆ ಗೊತ್ತಾಯಿತು. ಕೂಡಲೇ ದಾರಿ ಬಿಟ್ಟು ಇಳಿದು, ತೋಟದ ಬೇಲಿಗೆ ಮುಖ ಮಾಡಿ, ನಾವೆಲ್ಲ ದಾಟುವ ತನಕ ಬಾಳೆಯ ಗೊನೆ ನೋಡುತ್ತ ನಿಂತರು. "ಯಾರವ?" ಎಂದು ಅತ್ತೆ ಕೇಳಿದರೆ, "ಗೊತ್ತಿಲ್ಲ" ಎಂದೆ. ಅದು ನನ್ನ ಎರಡನೆಯ ಸುಳ್ಳು.

ಹೋದ ತಿಂಗಳು ಹಾಲಿನವಳು, ಆ ಮನೆ ತೋರಿಸುವ ಸಾಬರು ಹೋದರು ಎಂದಳು. ಹೆಸರನ್ನೂ ಹೇಳಿದಳು. ಹದಿನೈದು ದಿನ ಬಿಟ್ಟು, ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನೊಬ್ಬಳೇ ಅವರ ಮನೆಗೆ ಹೋದೆ.

ಅವರ ಹೆಂಡತಿ ಇದ್ದತ್ತಿನಲ್ಲಿದ್ದರು. ಗಂಡ ಹೋದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಅವರ ಹೆಂಗಸರು ಮನೆ ಬಿಟ್ಟು ಹೊರಗೆ ಬರುವುದಿಲ್ಲ. ಒಳಗಿನ ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದರು. ಬಿಳಿ ಓಢಣಿ. ಕೈ ಬೋಳು, ಬಳೆ ಇದ್ದ ಜಾಗದಲ್ಲಿ ಚರ್ಮ ತೆಳ್ಳಗೆ ಹೊಳೆಯುತ್ತಿತ್ತು. ನನ್ನ ಹಣೆಯ ವಿಭೂತಿ ನೋಡಿದರು, ಸೀರೆ ನೋಡಿದರು.

"ಯಾರವ್ವಾ ನೀನು? ಮನಿ ತಪ್ಪಿ ಬಂದಿ ಏನು?"

"ಇಲ್ರೀ. ಕಾಕಾ ಅವರು ನನಗ ಗೊತ್ತಿದ್ರು."

"ನಿನಗ ಹೆಂಗ ಗೊತ್ತು?"

ನಾನು ಚಾಪೆಯ ಅಂಚಿಗೆ ಕೂತೆ. ಅವರು ನನ್ನ ಉತ್ತರಕ್ಕೆ ಕಾಯಲಿಲ್ಲ, ತಾವೇ ಶುರು ಮಾಡಿದರು. ಬಹಳ ದಿನದಿಂದ ಮಾತು ಕೂಡಿಟ್ಟಿದ್ದವರ ಹಾಗೆ.

"ನೋಡು, ನನಗ ಗೊತ್ತಿಲ್ಲ ಅವರಿಗೆ ಯಾರ್ಯಾರು ಗೊತ್ತಿದ್ರು ಅಂತ. ಮಯ್ಯತ್ತಿಗೆ, ಮಣ್ಣು ಕೊಡಾಕ, ಕಲಬುರಗಿಯಿಂದ ಮಂದಿ ಬಂದಿದ್ರು. ಹಿಂದೂ ಬಂದಿದ್ರು, ಮುಸಲ್ಮಾನ್ರು ಬಂದಿದ್ರು. ಹೆಂಗಸೂರು ಒಳಗ ಬಂದು ನನ್ನ ಕೈ ಹಿಡಕೊಂಡು ಅತ್ರು. ಯಾಕ ಅಳಾಕತ್ತಾರ ಅಂತ ನನಗ ತಿಳೀಲಿಲ್ಲ. ನಲವತ್ತು ವರ್ಷ ಆತು ನಿಕಾ ಆಗಿ. ಗುರುವಾರ ಬರ್ತಿದ್ರು. ಊರಾಗ ಏನು ಸುದ್ದಿ ಅಂತ ಕೇಳ್ತಿದ್ದೆ. ಒಂದು ಮನಿ ನೋಡಿದೆ, ತೊಲಿ ಸಾಗವಾನಿದು, ಅಂತಿದ್ರು. ಒಂದು ಗ್ವಾಡಿ ನೋಡಿದೆ, ಒಣ ಅದ, ಅಂತಿದ್ರು. ಅಷ್ಟ. ಯಾರ ಮನ್ಯಾಗ ಏನು ಅಡಿಗಿ, ಯಾರ ಸೊಸಿ ಹೆಂಗದಾಳ, ಒಂದು ಮಾತು ಹೇಳಿದ್ರ ನನಗೂ ಹೊತ್ತು ಹೋಗ್ತಿತ್ತು. ನಮಗ ಮಕ್ಕಳಿಲ್ಲ. ನಲವತ್ತು ವರ್ಷ ನಾ ಗ್ವಾಡಿ ಸುದ್ದಿ ಕೇಳ್ಕೊಂತ ಬಾಳೇ ಮಾಡೀನಿ."

ನನ್ನ ಗುಟ್ಟು ಈ ಊರಲ್ಲಿ ಎಲ್ಲಾದರೂ ಇದ್ದರೆ ಇದೊಂದು ಮನೆಯಲ್ಲಿ ಇರುತ್ತದೆ ಎಂದು ಹನ್ನೊಂದು ವರ್ಷ ನಾನು ಈ ಓಣಿಯನ್ನು ಬಳಸಿ ನಡೆದಿದ್ದೆ. ಇಲ್ಲಿಗೂ ಅದು ಬಂದಿರಲಿಲ್ಲ. ಅವರು ಅದನ್ನು ಹೆಂಡತಿಯ ಹತ್ತಿರವೂ ಆಡಿರಲಿಲ್ಲ. ಆ ಮೌನದಲ್ಲಿ ನನಗೆ ನೆರಳು ಸಿಕ್ಕಿತ್ತು. ಅದೇ ಮೌನದಲ್ಲಿ ಈಕೆ ನಲವತ್ತು ವರ್ಷ ಒಬ್ಬರೇ ಕೂತಿದ್ದರು.

"ಅವರು ಒಣ ಅದ ಅಂದ ಗ್ವಾಡಿಗಳೊಳಗ ಒಂದಕ್ಕ ನೀರು ಹಾಕಿದಾಕಿ ನಾನು" ಎಂದೆ.

ಅವರು ತಲೆ ಎತ್ತಿದರು.

ನಾನು ಹೇಳಿದೆ. ಯಜಮಾನರಿಗೆ ಹೇಳದ್ದನ್ನು, ತವರಿಗೆ ಹೋದಾಗ ತಾಯಿಗೆ ಹೇಳದ್ದನ್ನು ಹೇಳಿದೆ. ಅತ್ತೆಯ ಕಾಗದ ಹೇಳಿದೆ, ಕೊಡ ಹೇಳಿದೆ, ಆಯಿ ಕೂಗಿದ್ದು ಹೇಳಿದೆ. ಕಾಕಾ ಹೇಗೆ ಕೂತರು, ಹೇಗೆ ಎದ್ದರು, ಎಲ್ಲಿ ನಿಂತರು ಎಲ್ಲವನ್ನೂ ಹೇಳಿದೆ. ಅವರು ನಡುನಡುವೆ ನಿಲ್ಲಿಸಿ ಕೇಳುತ್ತಿದ್ದರು.

"ಎಷ್ಟು ಕೊಡ ಹಾಕಿದಿ?"

"ಆರು."

"ಆರು ಕೊಡಕ್ಕ ಮಣ್ಣಿನ ಗ್ವಾಡಿ ಎಲ್ಲಿ ನೆನೀತದ, ಹುಚ್ಚಿ. ಹದಿನೈದಾದ್ರೂ ಹಾಕಬೇಕಿತ್ತು." ಆಮೇಲೆ ದನಿ ತಗ್ಗಿಸಿ, "ಅವರು ಬೈಲಿಲ್ಲೇನು?"

"ಇಲ್ಲ."

"ಸಾವಕಾರಗ ಹಂಗ ಅಂದ್ರಾ? ನಮ್ಮವರು? ಇನ್ನೊಮ್ಮೆ ಹೇಳು, ಏನಂದ್ರು?"

ನಾನು ಇನ್ನೊಮ್ಮೆ ಹೇಳಿದೆ. ಅವರು ಓಢಣಿಯ ತುದಿಯನ್ನು ಬಾಯಿಗೆ ಹಿಡಿದುಕೊಂಡರು. ನಗು, ಅಳು ಎರಡೂ ಕಾಣುತ್ತಿದ್ದವು. ಬಿಸಿಲು ಇಳಿಯಿತು, ನಮ್ಮ ಮನೆಯಲ್ಲಿ ಎಲ್ಲರೂ ಎದ್ದಿರುತ್ತಾರೆ ಎಂದು ನಾನೂ ಎದ್ದೆ.

"ನಾಳೆ ಬಾ," ಎಂದರು. "ನಾ ಎಲ್ಲೂ ಹೋಗಂಗಿಲ್ಲ, ಇನ್ನ ಮೂರು ತಿಂಗಳ ಮ್ಯಾಲ ಅದ. ಅವರು ಬ್ಯಾರೆ ಏನೇನು ಮಾತಾಡ್ತಿದ್ರು, ನೆನಪು ಮಾಡ್ಕೊಂಡು ಬಾ."

ಮನೆಗೆ ಬಂದಾಗ ಎಲ್ಲಿಗೆ ಹೋಗಿದ್ದೆ ಎಂದು ಅತ್ತೆ ಕೇಳಿದರು. ದಲಾಲ ಕಾಕಾನ ಮನೆಗೆ ಎಂದೆ. ಯಾವ ದಲಾಲ, ನಿನಗೇನು ಸಂಬಂಧ ಎಂದರು. ಗುರುತಿದ್ದವರು ಎಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಮರುದಿನ ಮಧ್ಯಾಹ್ನ ಹೋದೆ. ಅವರು ಒಳಗಿನ ಗೋಡೆ ಬಿಟ್ಟು, ಚಾಪೆಯನ್ನು ಬಾಗಿಲ ಹತ್ತಿರಕ್ಕೆ ಎಳೆದುಕೊಂಡು ಕೂತಿದ್ದರು.